ಬಾಯ್ಲರ್ ಹಿಂದೆ ನಿಂತವನು

ಹೋಟೆಲಿನಲ್ಲಿ ಅಡುಗೆ ಮಾಡುವವನಿಗೆ ಭಟ್ಟ ಎಂಬ ಹೆಸರುಂಟು. ತಿಂಡಿ ತಂದಿಡುವವನು ಮಾಣಿ. ಗಲ್ಲಾದ ಮೇಲೆ ಕುಳಿತವರು ಸಾಹುಕಾರರು. ಘಟ್ಟದ ಕೆಳಗಿನವರ ಬಾಯಲ್ಲಿ ಧಣಿಗಳು. ಮೇಜು ಒರೆಸುವ ಹುಡುಗನಿಗೂ ಕ್ಲೀನರ್ ಎಂಬ ಹೆಸರಿದೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಬಾಯ್ಲರ್ ಪಕ್ಕದಲ್ಲಿ ನಿಂತು ಕಾಫಿ ಬೆರೆಸುವವನಿಗೆ ಮಾತ್ರ ಕನ್ನಡದಲ್ಲಿ ಗಟ್ಟಿಯಾದ ಹೆಸರೊಂದು ಹುಟ್ಟಲೇ ಇಲ್ಲ. ಕೆಲವೆಡೆ ‘ಕಾಫಿ ಮಾಸ್ಟರ್’ ಎನ್ನುವುದುಂಟು; ಅದೂ ಸಾಲ ತಂದ ಮಾತು. ಹೋಟೆಲಿನ ಕೀರ್ತಿ ಅರ್ಧ ನಿಲ್ಲುವುದು ಅವನ ಕೈಯ ಹದದ ಮೇಲೆ. ಗಿರಾಕಿ ಹೊಗಳುವುದು ಸಾಹುಕಾರರನ್ನು.

ಈಗ ಇದೇ ಕೆಲಸಕ್ಕೆ ‘ಬರಿಸ್ತಾ’ ಎಂಬ ಇಟಲಿಯ ಹೆಸರು ಬಂದಿದೆ. ಅದಕ್ಕೆ ತರಬೇತಿ ಇದೆ, ಪ್ರಮಾಣಪತ್ರ ಇದೆ, ಅಂತರರಾಷ್ಟ್ರೀಯ ಸ್ಪರ್ಧೆಯೂ ಇದೆ. ಎದೆಯ ಮೇಲೆ ಹೆಸರಿನ ಬಿಲ್ಲೆ ತೊಟ್ಟ ಯುವಕ ಯುವತಿಯರು ಗಿರಾಕಿಯ ಕಣ್ಣೆದುರೇ ನಿಂತು ಕಾಫಿ ಮಾಡುತ್ತಾರೆ. ಇದೊಂದು ಹೊಸ ಉದ್ಯೋಗ ಎಂಬಂತೆ ಮಾತನಾಡುವವರು ಬಹಳ. ಶಿವಮೊಗ್ಗ, ಭದ್ರಾವತಿಗಳಂಥ ಊರುಗಳ ಹೋಟೆಲುಗಳನ್ನು ಕಂಡವರಿಗೆ ಮಾತ್ರ ಇದರಲ್ಲಿ ಹೊಸದು ಯಾವುದು, ಹಳೆಯದು ಯಾವುದು ಎಂದು ಬಿಡಿಸಿ ನೋಡಬೇಕೆನಿಸುತ್ತದೆ.

ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ ತುಂಗಾ ನದಿಯ ದಂಡೆಗೆ ಶಿವಪ್ಪನಾಯಕನ ಹೆಸರಿನ ಅರಮನೆ ಇದೆ. ಕೆಳದಿಯ ಈ ಅರಸು ಆಳಿದ್ದು 1645ರಿಂದ 1660ರವರೆಗೆ. ಅವನ ಕಾಲದ ಮಲೆನಾಡು ಕಾಳುಮೆಣಸು, ಅಡಿಕೆ, ಅಕ್ಕಿಗಳ ನಾಡು. ಕಾಫಿ ಎಂಬುದು ಜನರ ನಾಲಿಗೆಗೆ ಇನ್ನೂ ಬಂದಿರಲಿಲ್ಲ. ಬಾಬಾ ಬುಡನ್ ಅವರು ಯೆಮನ್ನಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಅದೇ ಹದಿನೇಳನೇ ಶತಮಾನದ್ದು. ಮುಂದೆ ಆ ಗಿರಿಸಾಲಿನಿಂದ ಭದ್ರಾವತಿಗೆ ಬಂದದ್ದು ಮಾತ್ರ ಬೀಜವಲ್ಲ, ಕಬ್ಬಿಣದ ಅದಿರು. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿಯೇ ಮೈಸೂರು ಸಂಸ್ಥಾನ ಅಲ್ಲಿ ಕಾರ್ಖಾನೆ ಕಟ್ಟಿತು. ಒಂದೇ ಬೆಟ್ಟದ ಸಾಲು ಕಾಫಿಯನ್ನೂ ಕೊಟ್ಟಿತು, ನಸುಕಿನಲ್ಲೆದ್ದು ಅದನ್ನು ಕುಡಿಯಬೇಕಾದ ಕಾರ್ಮಿಕರನ್ನೂ ಸೃಷ್ಟಿಸಿತು ಎನ್ನಬಹುದು.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಮನೆ ಬಿಟ್ಟು ಬಂದ ಗುಮಾಸ್ತರು, ಕೂಲಿಗಳು, ವಿದ್ಯಾರ್ಥಿಗಳು, ಮಂಡಿಗೆ ಬಂದ ಅಡಿಕೆ ವ್ಯಾಪಾರಿಗಳು, ಕೋರ್ಟಿಗೆ ಬಂದ ಕಕ್ಷಿದಾರರು ಇವರಿಗೆಲ್ಲ ಹೊತ್ತುಹೊತ್ತಿಗೆ ಒಲೆ ಹಚ್ಚಿಕೊಡುವವರು ಬೇಕಾಯಿತು. ಆಗುಂಬೆ, ಹುಲಿಕಲ್ ಘಾಟಿಗಳನ್ನು ಹತ್ತಿ ದಕ್ಷಿಣ ಕನ್ನಡದಿಂದ ಜನ ಬಂದರು. ಹಳೆಯ ಮೈಸೂರಿನ ಜನ ಇಂಥ ಹೋಟೆಲನ್ನು ‘ಕಾಫಿ ಕ್ಲಬ್ಬು’ ಎನ್ನುತ್ತಿದ್ದರು. ತಿಂಡಿ ಎಷ್ಟೇ ಬಗೆಯದಿದ್ದರೂ ಹೆಸರು ಕಾಫಿಯದೇ ಎಂಬುದನ್ನು ಗಮನಿಸಬೇಕು.

ನಾಲ್ಕು ಗಂಟೆಯ ಒಲೆ

ಕಾಫಿ ಮಾಡುವವನ ದಿನ ಊರು ಏಳುವುದಕ್ಕೆ ಮುಂಚೆ ಶುರು. ಮೊದಲು ಬಾಯ್ಲರಿಗೆ ಬೆಂಕಿ. ತಾಮ್ರದ ಉರುಟು ಹಂಡೆ, ಅದರ ನಡುವೆ ಇದ್ದಿಲಿನ ಕೊಳವೆ, ಕೆಳಗೆ ಬೂದಿಯ ಬಾಗಿಲು, ಪಕ್ಕದಲ್ಲಿ ನಲ್ಲಿ. ಭದ್ರಾವತಿಯ ಕುಲುಮೆಯಲ್ಲಿ ಆ ದಿನಗಳಲ್ಲಿ ಅದಿರು ಕರಗುತ್ತಿದ್ದುದೂ ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದಲೇ. ಕಾರ್ಖಾನೆಯ ಬೆಂಕಿ ಹಗಲು ರಾತ್ರಿ ಆರುವಂತಿಲ್ಲವಾದ್ದರಿಂದ ಕೆಲಸ ಮೂರು ಪಾಳಿ. ಬೆಳಗಿನ ಪಾಳಿಗೆ ಹೋಗುವವನೂ ರಾತ್ರಿ ಪಾಳಿ ಮುಗಿಸಿ ಬರುವವನೂ ಒಂದೇ ಹೊತ್ತಿಗೆ ಬಾಗಿಲಿಗೆ ಬರುತ್ತಾರೆ. ಒಬ್ಬನಿಗೆ ನಿದ್ದೆ ಬಿಡಿಸಲು ಕಾಫಿ, ಇನ್ನೊಬ್ಬನಿಗೆ ಮನೆ ಮುಟ್ಟುವವರೆಗೆ ನಿದ್ದೆ ತಡೆಯಲು ಕಾಫಿ. ಸೈರನ್ ಕೂಗುವ ಮೊದಲು ಡಿಕಾಕ್ಷನ್ ಇಳಿದಿರಬೇಕು.

ಡಿಕಾಕ್ಷನ್ ಇಳಿಸುವುದು ಅವಸರದ ಕೆಲಸವಲ್ಲ. ದೊಡ್ಡ ಹೋಟೆಲುಗಳಲ್ಲಿ ಹಿತ್ತಾಳೆಯ ಭಾರಿ ಫಿಲ್ಟರು, ಸಣ್ಣವುಗಳಲ್ಲಿ ಬಟ್ಟೆಯ ಚೀಲ. ಪುಡಿಯನ್ನು ಒತ್ತಿದರೆ ನೀರು ಇಳಿಯದು. ಸಡಿಲ ಬಿಟ್ಟರೆ ಬಣ್ಣ ಮಾತ್ರ ಇಳಿದೀತು, ಸತ್ವ ಇಳಿಯದು. ಮಳೆಗಾಲದಲ್ಲಿ ಪುಡಿ ತೇವ ಎಳೆದುಕೊಂಡು ಗಂಟುಗಟ್ಟುತ್ತದೆ; ಆಗುಂಬೆಯ ಮಳೆ ಹತ್ತಿರವಿರುವ ಊರಿನಲ್ಲಿ ಇದು ಸಣ್ಣ ಕಷ್ಟವಲ್ಲ. ಮೊದಲ ಸಲ ಇಳಿದದ್ದು ಗಟ್ಟಿ. ಅದೇ ಪುಡಿಗೆ ಎರಡನೇ ಸಲ ನೀರು ಹಾಕಿ ಇಳಿಸಿದ್ದು ತೆಳು. ಎರಡನ್ನೂ ಯಾವ ಪ್ರಮಾಣದಲ್ಲಿ ಬೆರೆಸಬೇಕೆಂಬುದರಲ್ಲಿ ಹೋಟೆಲಿನ ರುಚಿಯೂ ಇದೆ, ಸಾಹುಕಾರರ ಲಾಭವೂ ಇದೆ. ಈ ಎರಡರ ನಡುವೆ ಪ್ರತಿದಿನ ಸಿಕ್ಕಿಕೊಳ್ಳುವವನು ಕಾಫಿ ಮಾಡುವವನೇ. ಡಿಕಾಕ್ಷನ್ ಉಳಿಯಿತೆಂದು ಮತ್ತೆ ಕುದಿಸಿದರೆ ಪರಿಮಳ ಹಾರಿ ಕಹಿ ಉಳಿಯುತ್ತದೆ. ಉಳಿಸಬೇಕೆನ್ನುವವರೂ ಇದ್ದರು, ಚೆಲ್ಲಬೇಕೆನ್ನುವವರೂ ಇದ್ದರು. ಗಿರಾಕಿಯ ಬೈಗುಳ ಮಾತ್ರ ಬಾಯ್ಲರ್ ಕಡೆಗೇ ತಿರುಗುತ್ತಿತ್ತು.

ಚಿಕೋರಿಯ ಕಥೆಯೂ ಇದರ ಜೊತೆಗಿದೆ. ಹುರಿದು ಪುಡಿ ಮಾಡಿದ ಈ ಬೇರಿನಲ್ಲಿ ಕೆಫೀನ್ ಇಲ್ಲ. ಬಣ್ಣ ಮತ್ತು ಮಂದ ಮಾತ್ರ ಧಾರಾಳ. ‘ಸ್ಟ್ರಾಂಗ್’ ಎಂದು ಹೊಗಳಿಸಿಕೊಳ್ಳುವ ಕಾಫಿಯಲ್ಲಿ ಎಷ್ಟೋ ಸಲ ಕಪ್ಪಾಗಿರುವುದು ಚಿಕೋರಿಯ ದೆಸೆಯಿಂದ. ಮಿಶ್ರಣದಲ್ಲಿ ಕನಿಷ್ಠ 51 ಭಾಗ ಕಾಫಿಯೇ ಇರಬೇಕೆಂದು ಆಹಾರದ ನಿಯಮ ಹೇಳುತ್ತದೆ.

ಇನ್ನು ಹಾಲು. ಕ್ಯಾನಿನಲ್ಲಿ ಬಂದ ಹಾಲನ್ನು ಹಂಡೆಗೆ ಸುರಿಯುವ ಮೊದಲು ಒಂದು ಲೋಟದಷ್ಟನ್ನು ಬೇರೆ ಕಾಯಿಸಿ ಒಡೆಯುತ್ತದೆಯೋ ಎಂದು ನೋಡಬೇಕು. ಇಲ್ಲವಾದರೆ ಒಡೆದ ಒಂದು ಕ್ಯಾನು ಇಡೀ ಹಂಡೆಯನ್ನು ಕೆಡಿಸೀತು. ಕೆನೆ ಕಟ್ಟದಂತೆ ಸೌಟಾಡಿಸುತ್ತಿರಬೇಕು, ಉಕ್ಕದಂತೆ ಬೆಂಕಿ ತಗ್ಗಿಸಬೇಕು. ಇಷ್ಟರ ನಡುವೆ ಹೊರಗಿನಿಂದ ಮಾಣಿಯ ಕೂಗು: ಮೂರು ಕಾಫಿ, ಅದರಲ್ಲೊಂದು ಸ್ಟ್ರಾಂಗು, ಒಂದು ಸಕ್ಕರೆ ಕಡಿಮೆ, ಎರಡನೇ ಮೇಜಿಗೆ ಬೈ ಟೂ. ಚೀಟಿ ಇಲ್ಲ, ಬರಹ ಇಲ್ಲ. ಎಲ್ಲ ತಲೆಯಲ್ಲಿರಬೇಕು. ಬೈ ಟೂ ಎಂಬುದು ಕರ್ನಾಟಕದ ಹೋಟೆಲುಗಳ ಒಂದು ಔದಾರ್ಯ. ಒಂದನ್ನು ಎರಡು ಮಾಡುವಾಗ ಎರಡೂ ಲೋಟ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲುವಂತೆ ನೊರೆ ಎಬ್ಬಿಸುವುದು ಆ ಕೈಗೇ ಗೊತ್ತಿದ್ದ ವಿದ್ಯೆ. ಕಾಫಿಯನ್ನು ಎತ್ತರದಿಂದ ಸುರಿದು ಮಗುಚುವುದು ಬರೀ ಪ್ರದರ್ಶನವಲ್ಲ. ಸಕ್ಕರೆ ಕರಗುತ್ತದೆ, ಸುಡುವ ಬಿಸಿ ಬಾಯಿಗೆ ಹದವಾಗುತ್ತದೆ, ನೊರೆ ಬರುತ್ತದೆ.

ನಡುನಡುವೆ ತೊಳೆಯುವ ಕೆಲಸ. ಫಿಲ್ಟರಿನ ಬಟ್ಟೆಗೆ ಸೋಪು ತಾಗಿಸುವಂತಿಲ್ಲ, ವಾಸನೆ ಹಿಡಿಯುತ್ತದೆ, ಬಿಸಿನೀರೇ ಗತಿ. ಹಿತ್ತಾಳೆ ಪಾತ್ರೆಗಳ ಕಾಲದಲ್ಲಿ ಕಲಾಯಿ ಬಿಟ್ಟಿದೆಯೋ ಎಂದು ನೋಡುತ್ತಿರಬೇಕಿತ್ತು. ಸ್ಟೀಲು ಬಂದ ಮೇಲೆ ಆ ಒಂದು ಚಿಂತೆ ತಪ್ಪಿತು.

ಈ ಕೆಲಸಕ್ಕೆ ಬಂದವರು ಬಾಯ್ಲರ್ ಮುಂದೆ ನೇರವಾಗಿ ನಿಂತವರಲ್ಲ. ಹತ್ತು ಹನ್ನೆರಡು ವರ್ಷದ ಹುಡುಗನಾಗಿ ಬಸ್ಸು ಹತ್ತಿ ಘಟ್ಟದ ಮೇಲೆ ಬಂದು, ಮೊದಲು ಎಂಜಲು ಲೋಟ ತೊಳೆದು, ಆಮೇಲೆ ಮೇಜು ಒರೆಸಿ, ಮಾಣಿಯಾಗಿ, ಕೊನೆಗೆ ಬಾಯ್ಲರ್ ಬಳಿಗೆ ಬಡ್ತಿ ಪಡೆದವರೇ ಹೆಚ್ಚು. ಊಟ, ವಸತಿ ಹೋಟೆಲಿನಲ್ಲೇ. ವಸತಿ ಎಂದರೆ ರಾತ್ರಿ ಬಾಗಿಲು ಹಾಕಿದ ಮೇಲೆ ಜೋಡಿಸಿದ ಬೆಂಚುಗಳು. ಹೀಗೆ ಬಂದು ಸ್ವಂತ ಹೋಟೆಲು ಇಟ್ಟವರ ಕಥೆಗಳನ್ನು ಜನ ಇಷ್ಟಪಟ್ಟು ಹೇಳುತ್ತಾರೆ. ಇಡಲಾಗದೆ ಬೆನ್ನು ಬಾಗಿದವರ ಕಥೆ ಹೇಳುವವರಿಲ್ಲ. ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯಿದೆ ಬಂದದ್ದು 1986ರಲ್ಲಾದರೂ, ಹೋಟೆಲು ಮತ್ತು ಚಹಾದಂಗಡಿಗಳಲ್ಲಿ 14 ವರ್ಷದೊಳಗಿನವರನ್ನು ದುಡಿಸುವುದು ಅದರ ನಿಷೇಧದ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರ್ 10ರಂದು. ಈ ಇಪ್ಪತ್ತು ವರ್ಷಗಳ ವಿಳಂಬದಲ್ಲಿ ಎಷ್ಟು ಹುಡುಗರ ಶಾಲೆ ತಪ್ಪಿತೆಂದು ಯಾವ ಹೋಟೆಲಿನ ಲೆಕ್ಕದ ಪುಸ್ತಕವೂ ಹೇಳದು.

ಯಾರ ಕೈ, ಯಾರ ಲೋಟ

ಹಳೆಯ ಹೋಟೆಲಿನಲ್ಲಿ ಕಾಫಿ ಮಾಡುವವನ ಹೆಸರು ಯಾರಿಗೂ ಬೇಕಿರಲಿಲ್ಲ. ಜಾತಿ ಮಾತ್ರ ಬೇಕಿತ್ತು. ಬೆಂಗಳೂರಿನ ಪ್ರಖ್ಯಾತ ಮಾವಳ್ಳಿ ಟಿಫಿನ್ ರೂಮ್ 1924ರಲ್ಲಿ ಆರಂಭವಾದಾಗ ಅದರ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು ಅದನ್ನು ಕಟ್ಟಿದರು. ಆ ಕಾಲದ ಹೋಟೆಲುಗಳ ಬೋರ್ಡಿನಲ್ಲಿ ‘ಬ್ರಾಹ್ಮಣ’ ಎಂಬ ಪದ ಜಾಹೀರಾತಿನ ಕೆಲಸ ಮಾಡುತ್ತಿತ್ತು. ಒಳಗೆ ಒಲೆಯ ಮುಂದೆ ನಿಂತ ಕೈ ಯಾವುದು ಎಂಬುದಕ್ಕೆ ಅದೊಂದು ಖಾತರಿ. ಮನೆ ಬಿಟ್ಟು ಹೊರಗೆ ಬಾಯಿ ತೊಳೆಯಲೂ ಹಿಂಜರಿಯುತ್ತಿದ್ದ ಜನ ಕಾಫಿಗಾಗಿ ಹೋಟೆಲು ಹೊಕ್ಕಿದ್ದು ಈ ಖಾತರಿಯ ಮೇಲೆ. ಒಳಗೂ ಒಂದು ಕೋಣೆ ಬ್ರಾಹ್ಮಣರಿಗೇ ಮೀಸಲು, ಉಳಿದವರಿಗೆ ಹೊರಗಿನ ಬೆಂಚು ಎಂಬ ಏರ್ಪಾಡುಗಳಿದ್ದವು.

ಲೋಟದ ಆಕಾರದಲ್ಲೂ ಇದರ ಗುರುತಿದೆ. ಹೊರಕ್ಕೆ ಮಡಿಸಿದ ಅಂಚಿನ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬಹುದು. ಎಂಜಲಾಗದ ಪಾತ್ರೆ ಅದು. ಪಿಂಗಾಣಿ ಕಪ್ಪನ್ನು ಮಡಿವಂತರು ಬಹುಕಾಲ ದೂರವಿಟ್ಟರು. ಲೋಹವನ್ನಾದರೆ ಬೂದಿ ಹಾಕಿ ಬೆಳಗಬಹುದು, ಪಿಂಗಾಣಿಗೆ ಹತ್ತಿದ ಎಂಜಲು ಹೋಗುವುದಿಲ್ಲ ಎಂಬ ಭಾವನೆ.

ಮಡಿವಂತರ ಈ ಲೋಟದ ಇನ್ನೊಂದು ಮುಖ ಹಳ್ಳಿ ಹೋಟೆಲಿನ ಗೋಡೆಯ ಹೊರಗಿನ ಲೋಟ. ದಲಿತರಿಗೆಂದೇ ಬೇರೆ ಇಟ್ಟ ಲೋಟವನ್ನು ಅವರೇ ತೆಗೆದುಕೊಳ್ಳಬೇಕು, ಕಾಫಿಯನ್ನು ಮೇಲಿನಿಂದ ಹೊಯ್ಯಿಸಿಕೊಳ್ಳಬೇಕು, ಕುಡಿದು ತಾವೇ ತೊಳೆದಿಡಬೇಕು. ಹಣ ಮಾತ್ರ ಅದೇ ಗಲ್ಲಾಕ್ಕೆ. ಅಂಗಡಿ, ಹೋಟೆಲುಗಳ ಪ್ರವೇಶವನ್ನು ಜಾತಿಯ ಕಾರಣಕ್ಕೆ ತಡೆಯುವಂತಿಲ್ಲವೆಂದು 1950ರ ಸಂವಿಧಾನದ 15ನೇ ವಿಧಿ ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆ ಗೊತ್ತುಮಾಡಿತು. ಪಟ್ಟಣದ ಬೋರ್ಡುಗಳು ಬೇಗ ಬದಲಾದವು, ಹಳ್ಳಿಯ ಲೋಟ ಬದಲಾಗಲಿಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ಬೇರೆಲ್ಲೂ ಅಲ್ಲ, ಭದ್ರಾವತಿಯಲ್ಲಿ. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಆ ಊರಿನ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದವರು. ಭೂಮಿ, ದೌರ್ಜನ್ಯ, ದೇವಾಲಯ ಪ್ರವೇಶಗಳ ಜೊತೆಗೆ ಹೋಟೆಲಿನ ಪ್ರತ್ಯೇಕ ಲೋಟವೂ ಆ ಹೋರಾಟದ ವಿಷಯವಾಯಿತು. ಹೀಗಾಗಿ ಕಾಫಿ ಬೆರೆಸುವವನ ದಿನನಿತ್ಯದ ಕೆಲಸಗಳ ಪಟ್ಟಿಯಲ್ಲಿ ಯಾರಿಗೆ ಯಾವ ಲೋಟ ಎಂದು ನೋಡಿ ಹೊಯ್ಯುವುದೂ ಒಂದಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಅದನ್ನು ಬಿಟ್ಟು ಹಳೆಯ ಹೋಟೆಲಿನ ನೊರೆಗಾಫಿಯನ್ನಷ್ಟೇ ನೆನೆಯುವುದು ಅರ್ಧ ನೆನಪು.

ಮನೆಯೊಳಗೆ ಕಾಫಿ ಮಾಡುತ್ತಿದ್ದವರು ಹೆಂಗಸರು. ದೊಡ್ಡ ಹೋಟೆಲಿನ ಬಾಯ್ಲರ್ ಮುಂದೆ ಮಾತ್ರ ಹೆಂಗಸು ಕಾಣುತ್ತಿರಲಿಲ್ಲ.

ಕ್ಯಾಂಟೀನಿಗೊಂದು ಕಾನೂನು

ಒಲೆ ಎಲ್ಲಿದೆ ಎಂಬುದರ ಮೇಲೆ ಈ ಕೆಲಸಗಾರನ ಹಣೆಬರಹ ಬದಲಾಗುತ್ತಿದ್ದುದು ಕುತೂಹಲದ ಸಂಗತಿ. 1948ರ ಕಾರ್ಖಾನೆ ಕಾಯಿದೆಯ 46ನೇ ವಿಧಿಯಂತೆ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಇಡಬೇಕೆಂದು ಸರ್ಕಾರ ನಿಯಮ ಮಾಡಬಹುದಿತ್ತು. ಕಾರ್ಖಾನೆಯ ಗೇಟಿನ ಹೊರಗಿನ ಹೋಟೆಲಿನಲ್ಲಿ ಕಾಫಿ ಮಾಡುವವನಿಗೆ ಸಾಹುಕಾರರ ಮರ್ಜಿಯೇ ಕಾನೂನು. ಗೇಟಿನ ಒಳಗೆ ಅದೇ ಕಾಫಿ ಮಾಡುವವನು ‘ನಾನೂ ಕಾರ್ಖಾನೆಯ ನೌಕರ’ ಎಂದು ಕೋರ್ಟಿನಲ್ಲಿ ವಾದಿಸಬಹುದಾಯಿತು. ಇಂಥ ಮೊಕದ್ದಮೆಗಳು ದೇಶದಲ್ಲಿ ಹಲವು ನಡೆದವು. ಕಾನೂನಿನಂತೆ ಇರಲೇಬೇಕಾದ ರೈಲ್ವೆ ಕ್ಯಾಂಟೀನುಗಳ ಕೆಲಸಗಾರರು ರೈಲ್ವೆ ನೌಕರರೇ ಎಂದು ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪಿತ್ತಿತು.

ಮೂರನೆಯ ದಾರಿ ಕಾಫಿ ಹೌಸಿನದು. ಕಾಫಿಗೆ ಒಳನಾಡಿನಲ್ಲಿ ಮಾರುಕಟ್ಟೆ ಹುಡುಕಲು 1936ರಲ್ಲಿ ಮುಂಬೈಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲು ಬಂದ ವ್ಯವಸ್ಥೆ 1942ರ ಕಾಫಿ ಕಾಯಿದೆಯಿಂದ ಗಟ್ಟಿಯಾಯಿತು; ಕಾಫಿ ಮಂಡಳಿ ಈ ಕಾಫಿ ಹೌಸುಗಳನ್ನು ನಡೆಸಿತು. 1950ರ ದಶಕದ ನಡುವೆ ಮಂಡಳಿ ಅವುಗಳನ್ನು ಮುಚ್ಚಲು ಹೊರಟಾಗ ನೌಕರರು ಬೀದಿಪಾಲಾಗುವ ಸ್ಥಿತಿ. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕೆಲಸಗಾರರು ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಬಿಳಿ ಸಮವಸ್ತ್ರ, ಪಟ್ಟಿಯ ರುಮಾಲಿನ ಆ ನೌಕರರು ಗಿರಾಕಿಗೆ ಸೆಲ್ಯೂಟು ಹೊಡೆಯುವ ಆಳುಗಳಂತೆ ಕಂಡರೂ ವಾಸ್ತವದಲ್ಲಿ ಸಂಸ್ಥೆಯ ಸದಸ್ಯರು. ಬಾಯ್ಲರ್ ಮುಂದೆ ನಿಂತವನೂ ಪಾಲುದಾರ. ಕಾಫಿಯ ನಾಡಾದ ಕರ್ನಾಟಕದಲ್ಲಿ ಈ ಮಾದರಿ ಕೇರಳದಲ್ಲಿ ಹಬ್ಬಿದಂತೆ ಹಬ್ಬಲಿಲ್ಲ.

ಇತ್ತ ಗಾಂಧೀಜಿಯವರ ನಿಲುವೇ ಬೇರೆ. 1927ರ ಮೈಸೂರು ಪ್ರವಾಸದಲ್ಲಿ ಅವರು ಶಿವಮೊಗ್ಗ, ಭದ್ರಾವತಿಗಳಿಗೂ ಬಂದಿದ್ದರು. ಚಹಾ, ಕಾಫಿ ಎರಡೂ ದೇಹಕ್ಕೆ ಬೇಡವೆಂದು ಅವರು ಆರೋಗ್ಯದ ಕುರಿತ ಪುಸ್ತಕದಲ್ಲಿ ಬರೆದಿದ್ದಾರೆ. ಅವರ ಬಹಳಷ್ಟು ಮಾತುಗಳಂತೆ ಇದನ್ನೂ ಮಲೆನಾಡಿನ ಜನ ಗೌರವದಿಂದ ಕೇಳಿ, ಕಾಫಿ ಕುಡಿಯುವುದನ್ನು ಮುಂದುವರಿಸಿದರು.

ಒತ್ತಡದ ಯಂತ್ರ

ಬರಿಸ್ತಾ ಎಂಬ ಪದ ‘ಬಾರ್’ ಎಂಬುದರಿಂದ ಬಂದದ್ದು. ಇಟಲಿಯಲ್ಲಿ ಕಟ್ಟೆಯ ಹಿಂದೆ ನಿಂತು ಕಾಫಿಯನ್ನೂ ಮದ್ಯವನ್ನೂ ಕೊಡುವವನು ಎಂದರ್ಥ. ಅಲ್ಲೂ ಇದರ ಹಿಂದೆ ಇರುವುದು ಅವಸರವೇ. ಗಿರಾಕಿ ಕಾಯಲಾರ, ಡಿಕಾಕ್ಷನ್ ಬೇಗ ಇಳಿಯದು. ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಆವಿಯ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಒಂದೊಂದೇ ಕಪ್ಪು ಇಳಿಸುವಂತೆ ಅದನ್ನು ಸುಧಾರಿಸಿದ. ಎರಡನೇ ಯುದ್ಧ ಮುಗಿದ ಮೇಲೆ ಅಕಿಲೆ ಗಾಜ್ಜಿಯಾನ ಸನ್ನೆಕೋಲಿನ ಯಂತ್ರ ಹೆಚ್ಚಿನ ಒತ್ತಡ ಕೊಟ್ಟು ಕಂದು ನೊರೆಯ ಎಸ್ಪ್ರೆಸ್ಸೊ ತಂದಿತು. ಈಗಿನ ಲೆಕ್ಕದಲ್ಲಿ ವಾತಾವರಣದ ಸುಮಾರು ಒಂಬತ್ತರಷ್ಟು ಒತ್ತಡ, 25–30 ಸೆಕೆಂಡು. ನಮ್ಮ ಫಿಲ್ಟರು ಕಾಲು ಗಂಟೆಯಲ್ಲಿ ಮಾಡುವುದನ್ನು ಅದು ಅರ್ಧ ನಿಮಿಷದಲ್ಲಿ ಮಾಡುತ್ತದೆ. ನಮ್ಮಲ್ಲಿ ಮದುವೆ ಮನೆಗಳಲ್ಲಿ ಬುಸುಗುಡುವ ಯಂತ್ರದಿಂದ ಹಾಲು ನೊರೆಯಾಗಿಸಿ ಇನ್‌ಸ್ಟಂಟ್ ಪುಡಿ ಉದುರಿಸಿ ಕೊಡುತ್ತಿದ್ದುದಕ್ಕೂ ‘ಎಸ್ಪ್ರೆಸ್ಸೊ’ ಎಂದೇ ಹೆಸರಾಗಿತ್ತು. ಇಟಲಿಯವರು ಕಂಡಿದ್ದರೆ ಏನೆನ್ನುತ್ತಿದ್ದರೋ.

ಬೆಳೆಗಾರರು ಕಾಫಿಯನ್ನೆಲ್ಲ ಮಂಡಳಿಗೇ ಒಪ್ಪಿಸಬೇಕೆಂಬ ಕಟ್ಟುಪಾಡು 1992ರಿಂದ ಸಡಿಲವಾಗುತ್ತ 1996ರ ಹೊತ್ತಿಗೆ ಪೂರ್ತಿ ಹೋಯಿತು. ಅದೇ 1996ರ ಜುಲೈ 11ರಂದು ಚಿಕ್ಕಮಗಳೂರು ಮೂಲದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ತೋಟದವನು ನೇರ ಲೋಟದವರೆಗೆ ಬಂದ ಹಾಗಾಯಿತು. ಬಾಯ್ಲರ್ ಅಡುಗೆಮನೆಯಿಂದ ಅಂಗಡಿಯ ಮುಂಭಾಗಕ್ಕೆ ಬಂದು, ಗೋಡೆಯ ಹಿಂದಿದ್ದ ಕೈ ಎಲ್ಲರಿಗೂ ಕಾಣುವಂತಾಯಿತು. ನಿಂತು ತಿನ್ನುವ ದರ್ಶಿನಿಗಳು ಬೆಂಗಳೂರಿನಲ್ಲಿ 1980ರ ದಶಕದಲ್ಲೇ ಇದನ್ನು ಒಂದಿಷ್ಟು ಮಾಡಿದ್ದವು. ಹೆಣ್ಣುಮಕ್ಕಳು ಕಟ್ಟೆಯ ಹಿಂದೆ ನಿಂತದ್ದು, ಗಿರಾಕಿ ಅವರ ಜಾತಿ ಕೇಳದೆ ಕುಡಿದದ್ದು ಈ ಹೊಸ ಅಂಗಡಿಗಳ ಹೆಚ್ಚುಗಾರಿಕೆ ಎಂದು ಒಪ್ಪಿಕೊಳ್ಳಲೇಬೇಕು.

ಕೆಲಸ ಮಾತ್ರ ಅದೇ. ಬರಿಸ್ತಾ ಬೆಳಗ್ಗೆ ಬಂದು ಯಂತ್ರ ಕಾಯಿಸುತ್ತಾನೆ. ಹವೆಯ ತೇವ ನೋಡಿ ಪುಡಿಯ ನುಣುಪನ್ನು ಹೊಂದಿಸುತ್ತಾನೆ, ಮೊದಲ ಒಂದೆರಡನ್ನು ರುಚಿ ನೋಡಿ ಚೆಲ್ಲುತ್ತಾನೆ. ಹಾಲನ್ನು 60–65 ಡಿಗ್ರಿಗೆ ನಿಲ್ಲಿಸುತ್ತಾನೆ. ಮೀರಿದರೆ ಸಿಹಿ ಕೆಡುತ್ತದೆ. ಪ್ರತಿ ಸಲವೂ ಆವಿಯ ಕೊಳವೆ ಒರೆಸುತ್ತಾನೆ. ವಿಶ್ವ ಬರಿಸ್ತಾ ಸ್ಪರ್ಧೆ 2000ದಲ್ಲಿ ಮೊನಾಕೊದ ಮಾಂಟೆ ಕಾರ್ಲೊದಲ್ಲಿ ಆರಂಭವಾಯಿತು. ಅದರ ನಿಯಮದಂತೆ ಸ್ಪರ್ಧಿ 15 ನಿಮಿಷದಲ್ಲಿ 12 ಪಾನೀಯ ಮಾಡಬೇಕು. ಪಾಳಿ ಬಿಡುವ ಹೊತ್ತಿನಲ್ಲಿ ಕಾರ್ಖಾನೆ ಗೇಟಿನೆದುರು ನಿಂತವನಿಗೆ ಇದನ್ನು ಹೇಳಿದರೆ, ಉಳಿದ ಹದಿಮೂರು ನಿಮಿಷ ಏನು ಮಾಡುತ್ತಾರೆ ಎಂದು ಕೇಳಿಯಾನು.

ಆ ಗೇಟುಗಳ ಮುಂದೆ ಈಗ ಹಿಂದಿನ ಗದ್ದಲವಿಲ್ಲ. ಹೋಟೆಲಿನ ಮೇಜಿನ ಮೇಲೆ ಕಾಫಿಯ ಜೊತೆ ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತಿದ್ದ ದಿನಪತ್ರಿಕೆಗಳಿಗೂ ಕಾಗದ ಮಾಡಿದ್ದ ಭದ್ರಾವತಿಯ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಪಾಳಿ ನಿಂತ ಊರಿನಲ್ಲಿ ನಾಲ್ಕು ಗಂಟೆಗೆ ಬಾಯ್ಲರ್ ಹಚ್ಚುವುದು ಯಾರಿಗಾಗಿ? ಶಿವಮೊಗ್ಗದ ಕೋಟೆಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುವ ದಿನಗಳಲ್ಲಿ ಅಂಥ ಜನಸಂದಣಿಯನ್ನು ಈಗಲೂ ಕಾಣಬಹುದು. ಆಗ ಲೋಟ ತೊಳೆಯುವುದಕ್ಕೆ ಪುರುಸೊತ್ತಿಲ್ಲ, ಕಾಗದದ ಕಪ್ಪಿನಲ್ಲೇ ಎಲ್ಲರಿಗೂ ಕಾಫಿ. ಜಾತ್ರೆಯ ರಾತ್ರಿ ಎಷ್ಟೇ ಹೊತ್ತಾಗಲಿ, ಬಟ್ಟೆ ಒಗೆದು ಹಿಂಡಿ, ಬೂದಿ ತೆಗೆದು, ಮರುದಿನಕ್ಕೆ ಬಾಯ್ಲರಿನಲ್ಲಿ ನೀರು ತುಂಬಿಟ್ಟ ಮೇಲೆಯೇ ಕಾಫಿ ಮಾಡುವವನು ಕೈ ಒರೆಸಿಕೊಳ್ಳುವುದು.